ನೆಮೋ ಟಿಪ್ಪುವಿನ ಸಂಬಂಧಿ ಅಂತ ತಿಳಿಯೋಕೆ ಗೈಡು ಬೇಕಾ?

'ಗೈಡು' ಅನ್ನೋ ಪದಕ್ಕೆ ನಮ್ಮಲ್ಲಿ ಅಂಥಾ ಮರ್ಯಾದೆಯೇನೂ ಇಲ್ಲ. ಪರೀಕ್ಷೆಗೆ ಹದಿನೈದು ದಿನ ಇದ್ದಾಗ ಕೊಳ್ಳೋದು, ರಿಸಲ್ಟ್ ಬಂದ ಮೇಲೆ ರದ್ದಿಗೆ ಹಾಕೋದು. ಮೂಲ ಪಠ್ಯ ಓದದವರ ಅಡ್ಡದಾರಿ ಅಂತಲೇ ಅದರ ಲೆಕ್ಕ. ಅಂಥದ್ದರಲ್ಲಿ ಒಂದು ಕಾಮಿಕ್ಸ್‌ಗೆ ಯಾರೋ ಗೈಡು ಬರೆಯುತ್ತಾರೆ, ಮೂಲ ಕಾಮಿಕ್ಸನ್ನು ಮೂರು ಸಲ ಓದಿದವರೇ ಅದನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ, ಕೊಂಡು ಅದರ ಬಗ್ಗೆ ಜಗಳವನ್ನೂ ಆಡುತ್ತಾರೆ ಅಂದರೆ ಕೊಂಚ ವಿಚಿತ್ರ ಅನಿಸುತ್ತೆ. ಆದರೆ ಆ ಜಗಳ ಕೇಳುವಂಥದ್ದು.

ಕಾಮಿಕ್ಸ್ ಹೆಸರು 'ದಿ ಲೀಗ್ ಆಫ್ ಎಕ್ಸ್‌ಟ್ರಾಆರ್ಡಿನರಿ ಜಂಟಲ್‌ಮೆನ್'. ಕಥೆ ಅಲನ್ ಮೂರ್ ಅವರದು, ಚಿತ್ರ ಕೆವಿನ್ ಓನೀಲ್ ಅವರದು. ಶುರುವಾಗಿದ್ದು 1999ರಲ್ಲಿ. ಸಿನಿಮಾ ನೋಡಿದವರಿಗೆ ಬೇರೆ ದಾರಿಯಲ್ಲಿ ನೆನಪಿರಬಹುದು: 2003ರಲ್ಲಿ ಬಂದ, ಶಾನ್ ಕಾನರಿ ನಾಯಕನಾಗಿದ್ದ, ನಮ್ಮ ನಾಸಿರುದ್ದೀನ್ ಶಾ ಕ್ಯಾಪ್ಟನ್ ನೆಮೋ ಆಗಿದ್ದ ಚಿತ್ರ. ಆ ಚಿತ್ರವನ್ನು ಮರೆತರೂ ನಷ್ಟವಿಲ್ಲ. ಕಾಮಿಕ್ಸ್ ಹಾಗಲ್ಲ.

ಅದರ ಐಡಿಯಾ ಸರಳ. 1898ರ ಬ್ರಿಟನ್. ಸರ್ಕಾರದ ಗುಪ್ತಚರ ವಿಭಾಗ ಒಂದು ತಂಡ ಕಟ್ಟುತ್ತೆ. ತಂಡದಲ್ಲಿ ಇರೋರೆಲ್ಲ ಬೇರೆ ಬೇರೆ ಕಾದಂಬರಿಗಳಿಂದ ಎದ್ದು ಬಂದವರು. 'ಡ್ರಾಕುಲಾ'ದ ಮಿನಾ, 'ಕಿಂಗ್ ಸಾಲೊಮನ್ಸ್ ಮೈನ್ಸ್'ನ ಅಲನ್ ಕ್ವಾಟರ್‌ಮೇನ್, ಸ್ಟೀವನ್ಸನ್‌ನ ಜೆಕಿಲ್ ಮತ್ತು ಹೈಡ್, ಎಚ್.ಜಿ. ವೆಲ್ಸ್‌ನ ಅದೃಶ್ಯ ಮನುಷ್ಯ, ಜೂಲ್ಸ್ ವರ್ನ್‌ನ ಕ್ಯಾಪ್ಟನ್ ನೆಮೋ. ಇವರು ಮುಂದಿನ ಸಾಲಿನವರು, ಇಂಗ್ಲಿಷ್ ಸಾಹಿತ್ಯ ಅಷ್ಟಿಷ್ಟು ಗೊತ್ತಿದ್ದರೆ ಗುರುತು ಹಿಡೀಬಹುದು. ಕಷ್ಟ ಇರೋದು ಹಿಂದಿನ ಸಾಲಲ್ಲಿ. ಬೀದಿಯ ಬೋರ್ಡು, ಗೋಡೆಯ ಮೇಲಿನ ಚಿತ್ರ, ಒಂದೇ ಚೌಕದಲ್ಲಿ ಬಂದು ಹೋಗೋ ಹೆಂಗಸು, ಎಲ್ಲವೂ ಯಾವುದೋ ಮರೆತುಹೋದ ಪುಸ್ತಕದ್ದು. ಹುಡುಗಿಯರ ಶಾಲೆಯೊಂದರ ಮುಖ್ಯಸ್ಥೆಯಾಗಿ ಬರುವ ರೋಸಾ ಕೂಟ್ ವಿಕ್ಟೋರಿಯಾ ಕಾಲದ ಕದ್ದುಮುಚ್ಚಿ ಓದುವ ಅಶ್ಲೀಲ ಸಾಹಿತ್ಯದ ಪಾತ್ರ. ಅದು ಗೊತ್ತಿಲ್ಲದಿದ್ದರೆ ಆ ಶಾಲೆಯ ಪುಟಗಳ ವ್ಯಂಗ್ಯ ಅರ್ಧದಷ್ಟೂ ತಟ್ಟೋದಿಲ್ಲ. ಸಾಲದ್ದಕ್ಕೆ ಚೀನಿ, ಅರೇಬಿಕ್ ಮಾತುಗಳನ್ನು ಮೂರ್ ಅನುವಾದವಿಲ್ಲದೆ ಹಾಗೇ ಬಿಟ್ಟಿದ್ದಾರೆ.

ಇಲ್ಲಿ ಬರ್ತಾರೆ ಜೆಸ್ ನೆವಿನ್ಸ್. ಅಮೆರಿಕದ ಟೆಕ್ಸಾಸ್‌ನ ಲೈಬ್ರರಿಯನ್. ಕಾಮಿಕ್ಸ್‌ನ ಒಂದೊಂದು ಸಂಚಿಕೆ ಬಂದ ಹಾಗೂ ಪುಟ, ಚೌಕ ಲೆಕ್ಕದಲ್ಲಿ ಟಿಪ್ಪಣಿ ಬರೆದು ಇಂಟರ್ನೆಟ್ಟಿಗೆ ಹಾಕುತ್ತಾ ಹೋದರು. ಓದುಗರು ತಿದ್ದುಪಡಿ ಕಳಿಸಿದರು. ಇವರು ತಿದ್ದಿ, ಕಳಿಸಿದವರ ಹೆಸರನ್ನೂ ಹಾಕಿದರು. 2003ರಲ್ಲಿ ಅದೇ ಕೆಲಸ 'ಹೀರೋಸ್ ಅಂಡ್ ಮಾನ್‌ಸ್ಟರ್ಸ್' ಅನ್ನೋ ಪುಸ್ತಕವಾಯ್ತು. ಉಪಶೀರ್ಷಿಕೆಯಲ್ಲೇ 'ಅನಧಿಕೃತ ಸಂಗಾತಿ' ಅನ್ನೋ ಅರ್ಥದ ಮಾತಿದೆ. ಮಜಾ ಏನು ಅಂದ್ರೆ, ಈ ಅನಧಿಕೃತ ಪುಸ್ತಕಕ್ಕೆ ಮುನ್ನುಡಿ ಬರೆದವರು ಸ್ವತಃ ಅಲನ್ ಮೂರ್.

ಈಗ ಓದುಗರ ಜಗಳಕ್ಕೆ ಬರೋಣ. ಈ ಥರದ ಪುಸ್ತಕಗಳ ಮೇಲೆ ಸಾಮಾನ್ಯವಾಗಿ ಕೇಳಿಬರುವ ಮೊದಲ ತಕರಾರು ದುಡ್ಡಿನದು: ಪುಕ್ಕಟೆ ಸಿಗುತ್ತಿದ್ದದ್ದಕ್ಕೆ ಯಾಕೆ ಕಾಸು ಕೊಡಬೇಕು? ಇದಕ್ಕೆ ಉತ್ತರ ಸುಲಭ. ಪುಸ್ತಕದಲ್ಲಿ ಬರೀ ಟಿಪ್ಪಣಿಗಳಿಲ್ಲ, ಮೂರ್ ಜೊತೆ ಸಂದರ್ಶನವಿದೆ, ನೆವಿನ್ಸ್‌ರ ಉದ್ದುದ್ದ ಪ್ರಬಂಧಗಳಿವೆ. ಅದು ಬೇಡ ಅನ್ನುವವರು ಕೊಳ್ಳಬೇಕಾಗಿಲ್ಲ, ಅಷ್ಟೇ.

ಎರಡನೆಯದು ಚಿತ್ರಗಳ ವಿಚಾರ. ಇದು ಚಿತ್ರಕಥೆಯ ಗೈಡು, ಆದರೆ ಮೂಲದ ಚೌಕಗಳನ್ನು ಪುಟಪುಟಕ್ಕೂ ಅಚ್ಚು ಹಾಕುವಂತಿಲ್ಲ. 'ಇಂಥ ಪುಟ, ಇಂಥ ಚೌಕ' ಅಂತ ಸೂಚನೆ ಮಾತ್ರ. ಹಾಗಾಗಿ ಎರಡು ಪುಸ್ತಕ ತೆರೆದಿಟ್ಟುಕೊಂಡೇ ಕೂರಬೇಕು. ಬಸ್ಸಲ್ಲಿ ಓದೋ ಪುಸ್ತಕ ಅಲ್ಲ.

ಮೂರನೆಯ ತಕರಾರಿಗೆ ಮಾತ್ರ ನಿಜವಾದ ತೂಕ ಇದೆ. ಎಲ್ಲವನ್ನೂ ವಿವರಿಸಿಬಿಟ್ಟರೆ ಓದುಗ ತಾನೇ ಕಂಡುಹಿಡಿಯುವ ಖುಷಿ ಎಲ್ಲಿ ಉಳೀತು? ಇದನ್ನು ಹೇಳೋರು ಸೋಮಾರಿಗಳಲ್ಲ, ತುಂಬಾ ಓದಿದವರೇ. ಜೇಮ್ಸ್ ಬಾಂಡ್‌ನ ಅಜ್ಜನೋ ಏನೋ ಅನ್ನಿಸುವ ಹಾಗೆ ಕಾಮಿಕ್ಸ್‌ನಲ್ಲಿ ಕ್ಯಾಂಪಿಯನ್ ಬಾಂಡ್ ಅಂತ ಒಬ್ಬ ಅಧಿಕಾರಿ ಬರುತ್ತಾನೆ. ಅದನ್ನು ನಾವೇ ಹಿಡಿದಾಗ ಸಿಗೋ ಕಿಕ್ಕು ಬೇರೆಯವರು ಹೇಳಿಕೊಟ್ಟಾಗ ಸಿಗಲ್ಲ, ನಿಜ.

ಇಲ್ಲಿ ನನ್ನ ಹಳೇ ಓದು ಉಪಯೋಗಕ್ಕೆ ಬರುತ್ತೆ. ಕೋಡ್ ಬರೆಯೋರು ಮಧ್ಯೆ ಮಧ್ಯೆ ಕಾಮೆಂಟ್ ಬರೀತಾರೆ. ಅದರಲ್ಲಿ ಕೆಟ್ಟದ್ದು ಯಾವುದು ಅಂದ್ರೆ, ಸಾಲು ಏನು ಮಾಡುತ್ತೋ ಅದನ್ನೇ ಮತ್ತೆ ಹೇಳೋದು: 'ಇಲ್ಲಿ ಎಣಿಕೆಗೆ ಒಂದು ಕೂಡಿಸಿದೆ' ಅಂತ. ಕಣ್ಣಿಗೆ ಕಾಣ್ತಿದೆಯಲ್ಲಪ್ಪಾ! ಒಳ್ಳೆಯ ಕಾಮೆಂಟ್ ಹೇಳೋದು ಯಾಕೆ ಅಂತ. ನೆವಿನ್ಸ್‌ರ ಟಿಪ್ಪಣಿಗಳಲ್ಲಿ ಎರಡೂ ಥರದವು ಇವೆ. ಒಂದು ಹೆಸರು, ಒಂದು ಪುಸ್ತಕ, ಒಂದು ಇಸವಿ ಹೇಳಿ ಮುಗಿಸುವಂಥವು ಬಹಳ. ಅವು ಬೇಗ ಬೇಜಾರು ತರಿಸುತ್ತವೆ. ಆದರೆ 'ಇದು ಯಾವುದರ ಉಲ್ಲೇಖವೋ ನನಗೆ ತಿಳಿದಿಲ್ಲ' ಅನ್ನೋ ಅರ್ಥದ ಟಿಪ್ಪಣಿಗಳೂ ಇವೆ. ಎಲ್ಲ ಬಲ್ಲೆ ಅನ್ನೋ ಗೈಡುಗಳನ್ನೇ ನೋಡಿ ಬೆಳೆದವರಿಗೆ ಇದು ದೊಡ್ಡ ಸಮಾಧಾನ. ಪ್ರಬಂಧಗಳಂತೂ 'ಯಾಕೆ'ಗೇ ಮೀಸಲು.

ಅದರಲ್ಲೂ ಒಂದು ಪ್ರಬಂಧವನ್ನು ನಾನು ಎತ್ತಿ ಹೇಳಬೇಕು. ಮೊದಲ ಸಂಪುಟದ ಖಳ ಒಬ್ಬ ಚೀನೀ ಡಾಕ್ಟರ್. ಸ್ಯಾಕ್ಸ್ ರೋಮರ್ ಸೃಷ್ಟಿಸಿದ ಫು ಮಾಂಚು ಅಂತ ಓದುಗರಿಗೆ ಗೊತ್ತಾಗುತ್ತೆ, ಆದರೆ ಕಾಮಿಕ್ಸ್‌ನಲ್ಲಿ ಎಲ್ಲೂ ಆ ಹೆಸರಿಲ್ಲ, ಬರೀ 'ಡಾಕ್ಟರ್'. ಕಾರಣ ಹಕ್ಕುಸ್ವಾಮ್ಯ. ರೋಮರ್ ತೀರಿಕೊಂಡದ್ದು 1959ರಲ್ಲಿ, ಬ್ರಿಟನ್ನಿನಲ್ಲಿ ಲೇಖಕ ಸತ್ತು 70 ವರ್ಷದವರೆಗೂ ಹಕ್ಕು ಇರುತ್ತೆ. ಮಿನಾ, ನೆಮೋ, ಹೈಡ್ ಎಲ್ಲರನ್ನೂ ಎತ್ತಿಕೊಂಡು ಬಂದ ಮೂರ್‌ಗೆ ಈ ಒಬ್ಬನ ಹೆಸರು ಹೇಳುವ ಹಾಗಿರಲಿಲ್ಲ. ಆದರೆ ಟಿಪ್ಪಣಿಕಾರನಿಗೆ ಆ ಅಡ್ಡಿ ಇಲ್ಲ. ಹೆಸರು ಹೇಳಿದರು, ಅಷ್ಟಕ್ಕೆ ನಿಲ್ಲಿಸಲೂ ಇಲ್ಲ. ಬಿಳಿಯರ ಜಗತ್ತನ್ನು ನುಂಗೋಕೆ ಹೊಂಚು ಹಾಕುವ ಏಷ್ಯಾದ ಖಳ ಅನ್ನೋ ಪಡಿಯಚ್ಚು, ಆ 'ಹಳದಿ ಭೂತ', ಇಂಗ್ಲಿಷ್ ಜನಪ್ರಿಯ ಸಾಹಿತ್ಯದಲ್ಲಿ ಎಲ್ಲಿಂದ ಹುಟ್ಟಿ ಹೇಗೆ ಬೆಳೆದುಬಂತು ಅಂತ ಪ್ರತ್ಯೇಕ ಪ್ರಬಂಧವನ್ನೇ ಬರೆದರು. ಕಾಮಿಕ್ಸ್ ಗೈಡಿಗೆ ಇದೆಲ್ಲ ಯಾಕೆ ಅನ್ನುವವರೂ ಇರ್ತಾರೆ. ನನ್ನ ಪ್ರಕಾರ ಪುಸ್ತಕಕ್ಕೆ ಕೊಟ್ಟ ದುಡ್ಡು ವಸೂಲಾಗೋದು ಇಲ್ಲೇ. ಪ್ರಕಾಶಕರೇ ಹೊರಡಿಸುವ ಅಧಿಕೃತ ಕೈಪಿಡಿಯಲ್ಲಿ, ಮಾರಾಟಕ್ಕಿರುವ ಸರಕಿನ ಬೇರು ಜನಾಂಗದ್ವೇಷದಲ್ಲಿದೆ ಅಂತ ಅಷ್ಟುದ್ದ ಬರೆಯೋಕೆ ಬಿಡ್ತಿದ್ರಾ?

ಅಂದರೆ 'ಅನಧಿಕೃತ' ಅನ್ನೋದು ಬರೀ ಕಾನೂನಿನ ಭಯಕ್ಕೆ ಅಂಟಿಸಿದ ಚೀಟಿ ಅಲ್ಲ. ಭಯ ಇಲ್ಲ ಅಂತಲ್ಲ. ಹ್ಯಾರಿ ಪಾಟರ್ ಪ್ರಕರಣ ಅದಕ್ಕೆ ಸಾಕ್ಷಿ. ಅಭಿಮಾನಿಯೊಬ್ಬರು ವರ್ಷಗಟ್ಟಲೆ ಕಟ್ಟಿದ ಪಾಟರ್ ಕೋಶವನ್ನು ಒಂದು ಕಾಲಕ್ಕೆ ರೌಲಿಂಗ್ ಅವರೇ ಹೊಗಳಿದ್ದರು. ಅದೇ ಕೋಶ ಅಚ್ಚಿಗೆ ಹೊರಟಾಗ ರೌಲಿಂಗ್ ಮತ್ತು ವಾರ್ನರ್ ಬ್ರದರ್ಸ್ ಕೋರ್ಟಿಗೆ ಹೋದರು. 2008ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ ಪ್ರಕಟಣೆ ತಡೆಯಿತು, 6,750 ಡಾಲರ್ ಪರಿಹಾರ ಕೊಡಿಸಿತು. ಆದರೆ ತೀರ್ಪಿನ ಇನ್ನೊಂದು ಅರ್ಧ ಸುದ್ದಿಯಾಗಲಿಲ್ಲ. ಇಂಥ ಆಕರ ಗ್ರಂಥಗಳನ್ನೇ ನಿಷೇಧಿಸುವಂತಿಲ್ಲ, ಅವು ಓದುಗರಿಗೆ ಬೇಕಾದವು, ಈ ನಿರ್ದಿಷ್ಟ ಪುಸ್ತಕ ಮೂಲದ ವಾಕ್ಯಗಳನ್ನೇ ಮಿತಿಮೀರಿ ಎತ್ತಿಕೊಂಡಿದೆ ಅನ್ನೋದಷ್ಟೇ ತಪ್ಪು ಅಂತ ನ್ಯಾಯಾಧೀಶರು ಹೇಳಿದ್ದರು. ತಿದ್ದಿ ಬರೆದ ಆವೃತ್ತಿ ಮರುವರ್ಷ ಹೊರಗೂ ಬಂತು. ನಮ್ಮಲ್ಲೂ 2008ರಲ್ಲೇ, ಆಕ್ಸ್‌ಫರ್ಡ್‌ನ ಗಣಿತ ಪಠ್ಯಕ್ಕೆ ಬಂದ ಗೈಡಿನ ವಿರುದ್ಧದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ ಗೈಡಿನ ಪರ ನಿಂತಿತ್ತು.

ಪಾಟರ್ ಕೋಶಕ್ಕೂ ನೆವಿನ್ಸ್ ಪುಸ್ತಕಕ್ಕೂ ಇರೋ ವ್ಯತ್ಯಾಸ ನೋಡಿ. ಕೋಶದ ಸರಕೆಲ್ಲ ರೌಲಿಂಗ್ ಅವರ ಪುಸ್ತಕಗಳ ಒಳಗಿನದು. ನೆವಿನ್ಸ್‌ರ ಸರಕು ಬಹುಪಾಲು ಕಾಮಿಕ್ಸ್‌ನ ಹೊರಗಿನದು, ನೂರಾರು ಹಳೇ ಪುಸ್ತಕಗಳದು. ಇನ್ನೂ ಒಂದು ತಮಾಷೆ: ಬೇರೆಯವರ ಪಾತ್ರಗಳನ್ನು ಅನುಮತಿ ಕೇಳದೆ ಕರೆತಂದು ಕಥೆ ಕಟ್ಟಿರುವ 'ಲೀಗ್' ತಾನೇ ವಿಕ್ಟೋರಿಯಾ ಕಾಲದ ಕಾದಂಬರಿಗಳಿಗೆ ಬರೆದ ಒಂದು ಅನಧಿಕೃತ ಸಂಗಾತಿ.

ಸರಿ, ಇಂಗ್ಲೆಂಡಿನ ಹಳೇ ಕಥೆಗಳ ಈ ಒಗಟು ಬಿಡಿಸಿ ನಮಗೇನಾಗಬೇಕು? ನೆಮೋ ಹತ್ತಿರ ಹೋಗಿ.

ಓನೀಲ್ ಬಿಡಿಸಿದ ನೆಮೋಗೆ ಸಿಖ್ಖರ ಪೇಟ, ಉದ್ದ ಗಡ್ಡ. ಹಡಗಿನ ತುಂಬ ಭಾರತೀಯ ಅಲಂಕಾರ. ಬ್ರಿಟಿಷರ ಕೆಲಸ ಮಾಡ್ತಾನೆ, ಆದರೆ ಬ್ರಿಟಿಷರನ್ನು ಕಂಡರೆ ಉರಿದು ಬೀಳ್ತಾನೆ. ಯಾಕೆ ಅಂತ ಕಾಮಿಕ್ಸ್ ಕೂತು ಹೇಳೋದಿಲ್ಲ. ಉತ್ತರ ಇರೋದು ವರ್ನ್‌ನ 'ದಿ ಮಿಸ್ಟೀರಿಯಸ್ ಐಲ್ಯಾಂಡ್' ಕಾದಂಬರಿಯ ಕೊನೆಯಲ್ಲಿ. ನೆಮೋನ ನಿಜವಾದ ಹೆಸರು ರಾಜಕುಮಾರ ಡಕ್ಕರ್. ಬುಂದೇಲಖಂಡದ ರಾಜನ ಮಗ. 1857ರ ಬಂಡಾಯದಲ್ಲಿ ಹೋರಾಡಿ, ಹೆಂಡತಿ ಮಕ್ಕಳನ್ನು ಕಳೆದುಕೊಂಡು ಸಮುದ್ರ ಸೇರಿದವನು. ಮತ್ತು, ವರ್ನ್ ಬರೆದ ಪ್ರಕಾರ, ನಮ್ಮ ಟಿಪ್ಪು ಸುಲ್ತಾನನ 'ನೆಫ್ಯೂ'.

ಈ 'ನೆಫ್ಯೂ' ಅಣ್ಣತಮ್ಮನ ಮಗನೋ ಅಕ್ಕತಂಗಿಯ ಮಗನೋ ಅಂತ ಫ್ರೆಂಚರಿಗೂ ಇಂಗ್ಲಿಷರಿಗೂ ತಲೆಕೆಡಿಸಿಕೊಳ್ಳುವ ಅಗತ್ಯ ಬರಲ್ಲ. ಕನ್ನಡದಲ್ಲಿ ಮೊದಲು ಅದೇ ಇತ್ಯರ್ಥ ಆಗಬೇಕು. ಅಪ್ಪ ಬುಂದೇಲಖಂಡದ ರಾಜ ಆದ್ದರಿಂದ ಸೋದರಳಿಯ ಅನ್ನಬೇಕೇನೋ. ಹಾಗಂದ್ರೆ ಶ್ರೀರಂಗಪಟ್ಟಣದ ಹೆಣ್ಣು ಬುಂದೇಲಖಂಡಕ್ಕೆ ಹೋಯ್ತಾ? ಇತಿಹಾಸದಲ್ಲಿ ಇದಕ್ಕೆ ಆಧಾರವೇ ಇಲ್ಲ. ಟಿಪ್ಪು ಸತ್ತದ್ದು 1799ರಲ್ಲಿ. ಭಾರತದ ಭೂಪಟ ವರ್ನ್‌ಗೆ ಬೇಕಾಗಿರಲಿಲ್ಲ. ಬ್ರಿಟಿಷರಿಗೆ ತಲೆಬಾಗದ ಒಂದು ಹೆಸರು ಬೇಕಿತ್ತು, ಅವನ ಕಿವಿಗೆ ಬಿದ್ದಿದ್ದು ಟಿಪ್ಪು. ಅಸಲಿಗೆ ವರ್ನ್ ಮೊದಲು ಯೋಚಿಸಿದ್ದು ರಷ್ಯಾದವರ ಮೇಲೆ ಹಗೆ ಸಾಧಿಸುವ ಪೋಲೆಂಡ್ ಕುಲೀನನನ್ನು. ಪ್ರಕಾಶಕ ಹೆಟ್ಜೆಲ್ ಬೇಡ ಅಂದ. ರಷ್ಯಾದಲ್ಲೂ ಪುಸ್ತಕ ಮಾರಬೇಕಲ್ಲ!

ಇದರ ಇನ್ನೊಂದು ಮಗ್ಗುಲು ಇನ್ನೂ ಗಂಭೀರ. 1875ರಲ್ಲಿ ಕಿಂಗ್‌ಸ್ಟನ್ ಹೆಸರಲ್ಲಿ ಬಂದ ಇಂಗ್ಲಿಷ್ ಅನುವಾದ ನೆಮೋನ ಬ್ರಿಟಿಷ್ ವಿರೋಧಿ ಮಾತುಗಳ ಹಲ್ಲು ಕಿತ್ತು, ಅವನ ಹಿನ್ನೆಲೆಯನ್ನೇ ಬ್ರಿಟಿಷರಿಗೆ ಹಿತವಾಗುವ ಹಾಗೆ ತಿದ್ದಿತ್ತು. ದಶಕಗಟ್ಟಲೆ ಇಂಗ್ಲಿಷ್ ಓದುಗರ ಕೈಗೆ ಸಿಕ್ಕಿದ್ದು ಅದೇ. ನಮ್ಮವರು ಇಂಗ್ಲಿಷಿನಲ್ಲಿ ಓದಿದ್ದೂ ಬಹುಪಾಲು ಅದನ್ನೇ ಇರಬೇಕು. ಮೂರ್ ಮತ್ತು ಓನೀಲ್ ಆ ಸಿಟ್ಟನ್ನು ನೆಮೋಗೆ ವಾಪಸ್ ಕೊಟ್ಟರು. ಆದರೆ ಪೇಟ ಕಟ್ಟಿದ್ದು ಸಿಖ್ಖರದು! ಬುಂದೇಲಖಂಡದ ರಾಜನ ಮಗ, ಮೈಸೂರಿನ ಸುಲ್ತಾನನ ನಂಟ, ಪಂಜಾಬಿನ ವೇಷ. 'ಇಂಡಿಯನ್' ಅಂದರೆ ಎಲ್ಲಾ ಒಂದೇ ಅನ್ನೋ ಹಳೇ ಚಾಳಿ ಇಷ್ಟೊಂದು ಓದಿಕೊಂಡವರನ್ನೂ ಬಿಟ್ಟಿಲ್ಲ. ವರ್ನ್ ಏನು ಬರೆದ, ಇವರು ಏನು ಮಾಡಿದರು ಅಂತ ಪಕ್ಕಪಕ್ಕ ಇಟ್ಟು ತೋರಿಸುವ ಒಬ್ಬರು ಇಲ್ಲದಿದ್ದರೆ ಈ ಪ್ರಶ್ನೆ ಹುಟ್ಟೋದೇ ಕಷ್ಟ. ಲಂಡನ್ನಿನ ಓದುಗನಿಗೆ ಈ ಗೈಡು ಅಜ್ಜನ ಅಟ್ಟದ ಕೀಲಿ ಆಗಿದ್ದರೆ, ನಮ್ಮಂಥವರಿಗೆ ಬೀದಿ ಬಾಗಿಲದೇ ಕೀಲಿ.

ವ್ಯಾಖ್ಯಾನ ಅಂದ ಕೂಡಲೇ ರಸಭಂಗ ಅನ್ನುವವರಿಗೆ ನಮ್ಮ ಗಮಕದ ಸಭೆ ನೆನಪಿಸಬೇಕು. ಒಬ್ಬರು ಕುಮಾರವ್ಯಾಸನ ಪದ್ಯ ಹಾಡ್ತಾರೆ, ಇನ್ನೊಬ್ಬರು ಬಿಡಿಸಿ ಹೇಳ್ತಾರೆ. ಕಥೆ ಗೊತ್ತಿರುವ ಜನವೇ ಬಂದು ಕೂತಿರ್ತಾರೆ. ವ್ಯಾಖ್ಯಾನಕಾರರು ಕೆಟ್ಟವರಾಗಿದ್ದರೆ ಆಕಳಿಸಿ ಎದ್ದು ಹೋಗ್ತಾರೆ ಹೊರತು ವ್ಯಾಖ್ಯಾನವೇ ಯಾಕೆ ಅಂತ ಯಾರೂ ಕೇಳಲ್ಲ.

ಓದಬೇಕು ಅನ್ನುವವರಿಗೆ ಒಂದು ಮಾತು. ಮೊದಲ ಸಂಪುಟವನ್ನು ಒಂದು ಸಲ ಗೈಡಿಲ್ಲದೆ ಓದಿ. ಅರ್ಥವಾಗದ ಚೀನಿ ಮಾತು ಹಾಗೇ ಇರಲಿ, ಆ ಗಲಿಬಿಲಿ ಕಥೆಯ ಭಾಗವೇ. ನೆವಿನ್ಸ್‌ರನ್ನು ಎರಡನೇ ಓದಿಗೆ ಕರೆಯಿರಿ, ಪ್ರಬಂಧಗಳಿಂದ ಶುರುಮಾಡಿ. ಇದರ ನಂತರ ಅವರು 2004ರಲ್ಲಿ 'ಎ ಬ್ಲೇಜಿಂಗ್ ವರ್ಲ್ಡ್', 2008ರಲ್ಲಿ 'ಇಂಪಾಸಿಬಲ್ ಟೆರಿಟರೀಸ್' ಅಂತ ಇನ್ನೆರಡು ಸಂಗಾತಿ ಪುಸ್ತಕ ತಂದರು. ಕಾಮಿಕ್ಸ್ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ, 2019ರವರೆಗೂ ನಡೀತು. 2013ರಿಂದ 2015ರ ನಡುವೆ ಬಂದ ಮೂರು ಪುಸ್ತಕಗಳ ನಾಯಕಿ ನೆಮೋನ ಮಗಳು ಜಾನಿ ಡಕ್ಕರ್. ಅವಳು ಮುಖ್ಯ ಪಾತ್ರವಾಗಿ ಬರೋ ಹೊತ್ತಿಗೆ ಈ ಮೂರೂ ಗೈಡುಗಳು ಅಚ್ಚಾಗಿ ಆಗಿತ್ತು. ಅವಳ ಅಪ್ಪ ಯಾರು, ಬ್ರಿಟಿಷರ ಮೇಲೆ ಆ ಮನೆತನಕ್ಕೆ ಯಾಕಷ್ಟು ಕೋಪ ಅಂತ ತಿಳಿಯಬೇಕಾದರೆ 2003ರ ಪುಸ್ತಕವನ್ನೇ ಪಕ್ಕದಲ್ಲಿ ಇಟ್ಟುಕೊಳ್ಳಬೇಕು.