ಹುಟ್ಟು ಹಾಕುವವರ ಬಲ ಎಲ್ಲಿದೆ?

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಕಡೆಯ ಮಕ್ಕಳು ಸಂಗಮವನ್ನು ನೋಡಿರುತ್ತೀರಿ. ಅರ್ಕಾವತಿಯು ಕಾವೇರಿಯನ್ನು ಸೇರುವುದು ಅಲ್ಲಿಯೇ. ಮೇಕೆದಾಟಿಗೆ ಹೋಗುವವರು ತೆಪ್ಪದಲ್ಲಿ ಕುಳಿತು ಹೊಳೆ ದಾಟುವುದುಂಟು. ಹುಟ್ಟಿನಿಂದ ನೀರನ್ನು ಒಂದು ಕಡೆಗೆ ತಳ್ಳಿದರೆ ತೆಪ್ಪವು ಅದರ ಎದುರು ದಿಕ್ಕಿಗೆ ಸಾಗುತ್ತದೆ. ಇದು ನ್ಯೂಟನ್ನರ ಮೂರನೆಯ ನಿಯಮ.

ರೋಯಿಂಗ್ ಸ್ಪರ್ಧೆಯ ದೋಣಿ ತೆಪ್ಪದಂತೆ ದುಂಡಗಿಲ್ಲ. ಅದು ಉದ್ದ, ಬಲು ಕಿರಿದು. ಹುಟ್ಟು ಹಾಕುವವರು ದೋಣಿ ಸಾಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತಿರುತ್ತಾರೆ. ಹುಟ್ಟು ಒಂದು ಸನ್ನೆ. ಆನಿಕೆಯಿಂದ ಹೊರಗಿರುವ ಭಾಗವು ಒಳಗಿನ ಭಾಗದ ಸುಮಾರು ಎರಡು ಪಟ್ಟು ಉದ್ದ. ಆದ್ದರಿಂದ ಕೈ ಸ್ವಲ್ಪ ಸರಿದರೆ ಹುಟ್ಟಿನ ತುದಿ ಹೆಚ್ಚು ದೂರ ಸರಿಯುತ್ತದೆ. ಆದರೆ ಕೈಗೆ ಹೆಚ್ಚು ಬಲ ಬೇಕು. ಆ ಬಲ ಎಲ್ಲಿಂದ ಬರುತ್ತದೆ?

ಮಾಡಿ ನೋಡಿ: ಗೆಳೆಯನ ಎದುರು ನೆಲದ ಮೇಲೆ ಕುಳಿತು, ಪಾದಕ್ಕೆ ಪಾದ ತಾಗಿಸಿ, ಒಂದು ಕೋಲನ್ನು ಇಬ್ಬರೂ ಹಿಡಿದು ಎಳೆಯಿರಿ. ಈಗ ಚಕ್ಕಳಮಕ್ಕಳ ಹಾಕಿ ಕುಳಿತು ಎಳೆಯಿರಿ. ಮೊದಲಿನಷ್ಟು ಜೋರಾಗಿ ಎಳೆಯಲು ಆಗುವುದಿಲ್ಲ, ಅಲ್ಲವೇ? ಎಳೆಯುವುದು ಕೈಯಾದರೂ ಒದೆಯುವುದು ಕಾಲು. ಸ್ಪರ್ಧೆಯ ದೋಣಿಯಲ್ಲಿ ಪೀಠವು ಹಿಂದೆ ಮುಂದೆ ಜಾರುವಂತಿರುವುದು ಇದಕ್ಕಾಗಿಯೇ.

ಹಾಗಾದರೆ ಕಾಲು ಕಳೆದುಕೊಂಡವರು ಏನು ಮಾಡಬೇಕು? ಆಂಧ್ರಪ್ರದೇಶದ ಸೈನಿಕ ಕೊಂಗನಪಲ್ಲೆ ನಾರಾಯಣ 2015ರಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ನೆಲಬಾಂಬ್ ಸಿಡಿದು ಎಡಗಾಲನ್ನು ಕಳೆದುಕೊಂಡರು. ಆಮೇಲೆ ಪುಣೆಯಲ್ಲಿ ರೋಯಿಂಗ್ ಅಭ್ಯಾಸ ಮಾಡಿದರು. ಅವರ ಜೊತೆಗಾರ್ತಿ ಅನಿತಾ ಅವರೂ ಒಂದು ಕಾಲು ಇಲ್ಲದವರೇ. 2023ರ ಅಕ್ಟೋಬರ್‌ನಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಇಬ್ಬರೂ ಸೇರಿ ಬೆಳ್ಳಿ ಪದಕ ಗೆದ್ದರು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎಂಟನೆಯ ಸ್ಥಾನ ಪಡೆದರು. ಓಟದ ದೂರ 2000 ಮೀಟರ್.

ಪ್ಯಾರಾಲಿಂಪಿಕ್ಸ್‌ಗೆ ರೋಯಿಂಗ್ ಬಂದದ್ದು 2008ರಲ್ಲಿ, ಬೀಜಿಂಗ್‌ನಲ್ಲಿ. ಸ್ಪರ್ಧೆ ನ್ಯಾಯವಾಗಿರಲೆಂದು ಸ್ಪರ್ಧಿಗಳನ್ನು ಮೂರು ಗುಂಪು ಮಾಡುತ್ತಾರೆ. ಮೊದಲ ಗುಂಪಿನವರು ತೋಳು ಮತ್ತು ಭುಜಗಳನ್ನಷ್ಟೇ ಬಳಸಬಲ್ಲರು. ಅವರ ಪೀಠ ಜಾರುವುದಿಲ್ಲ. ಒರಗು ಇರುತ್ತದೆ, ಎದೆಗೆ ಪಟ್ಟಿ ಕಟ್ಟುತ್ತಾರೆ. ಅವರ ಒಂಟಿ ದೋಣಿ ಮಗುಚದಂತೆ ಎರಡೂ ಬದಿಗೆ ತೇಲುವ ಬುಡ್ಡೆಗಳಿರುತ್ತವೆ. ಎರಡನೆಯ ಗುಂಪಿನವರು ಸೊಂಟದ ಮೇಲಿನ ದೇಹವನ್ನೂ ಬಳಸಬಲ್ಲರು. ಮೂರನೆಯ ಗುಂಪಿನವರು ಕಾಲಿನ ಬಲವನ್ನೂ ಸ್ವಲ್ಪ ಬಳಸಬಲ್ಲರು. ಅವರಿಗೆ ಜಾರುವ ಪೀಠ. ನಾರಾಯಣ, ಅನಿತಾ ಈ ಗುಂಪಿನವರು.

ಇಲ್ಲಿ ದೇಹಕ್ಕೆ ತಕ್ಕಂತೆ ದೋಣಿಯನ್ನು ಬದಲಿಸಿದ್ದಾರೆ. ನಿಮ್ಮ ತರಗತಿಯಲ್ಲಿ ಕಾಲಿನ ತೊಂದರೆ ಇರುವ ಗೆಳೆಯರಿದ್ದರೆ ಅವರನ್ನು ಆಟದ ಅಂಚಿನಲ್ಲಿ ಕೂರಿಸಬೇಡಿ. ಆಟದ ಯಾವ ನಿಯಮವನ್ನು ಬದಲಿಸಬಹುದೆಂದು ಅವರನ್ನೇ ಕೇಳಿ.

ಮುಂದಿನ ಸಲ ಹಿರಿಯರೊಡನೆ ಸಂಗಮಕ್ಕೆ ಹೋದಾಗ, ದಡದಲ್ಲೇ ನಿಂತು ತೆಪ್ಪ ನಡೆಸುವವರನ್ನು ಗಮನಿಸಿ. ಕೈಯನ್ನಷ್ಟೇ ಅಲ್ಲ, ಸೊಂಟ, ಮಂಡಿ, ಪಾದಗಳನ್ನೂ ನೋಡಿ. ಬಲ ಎಲ್ಲೆಲ್ಲಿಂದ ಬರುತ್ತಿದೆ?