ತಿರುಗದ ಪಂಖ: ಸರಿಯಾದ ಬಿಡಿಭಾಗವನ್ನು ಆರಿಸುವ ಬಗೆ

ಬೇಸಗೆಯ ಒಂದು ಮಧ್ಯಾಹ್ನ ಚಾವಣಿಯ ವಿದ್ಯುತ್ ಪಂಖದ ಗುಂಡಿಯನ್ನು ಒತ್ತುತ್ತೇವೆ. ಪಂಖವು ಗುಂಯ್ ಎಂದು ಸದ್ದುಮಾಡುವುದೇ ಹೊರತು ತಿರುಗದು. ಒಣಗಿದ ಮರದ ಕೋಲಿನಿಂದ ಅದರ ಅಲಗನ್ನು ಮೆಲ್ಲನೆ ನೂಕಿದರೆ, ಯಾವ ಕಡೆಗೆ ನೂಕಿದೆವೋ ಆ ಕಡೆಗೆ ತಿರುಗತೊಡಗುವುದು. “ಪಂಖ ಕೆಟ್ಟಿತು, ಹೊಸದನ್ನು ತರಬೇಕು” ಎಂದು ಮನೆಯವರು ನಿಶ್ಚಯಿಸುವರು. ಆದರೆ ಆ ಪಂಖವು ತನ್ನ ರೋಗ ಯಾವುದೆಂಬುದನ್ನು ತಾನೇ ಹೇಳಿದೆ. ಆ ಮಾತನ್ನು ತಿಳಿಯಲು ಪ್ರೌಢಶಾಲೆಯ ಭೌತಶಾಸ್ತ್ರವೇ ಬಹುಮಟ್ಟಿಗೆ ಸಾಕು.

ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್ಪ್ರವಾಹ. ಇದು ಸೆಕೆಂಡಿಗೆ 50 ಆವರ್ತಗಳನ್ನು ಮುಗಿಸುತ್ತದೆ. ಇಂತಹ ಪ್ರವಾಹವನ್ನು ಒಂದೇ ಸುರುಳಿಯಲ್ಲಿ ಹರಿಸಿದರೆ ಉಂಟಾಗುವ ಕಾಂತಕ್ಷೇತ್ರವು ಒಂದೇ ರೇಖೆಯಲ್ಲಿ ಹಿಂದಕ್ಕೂ ಮುಂದಕ್ಕೂ ಬದಲಾಗುವುದು, ಅದು ಸುತ್ತುವುದಿಲ್ಲ. ನಿಂತಿರುವ ಚಕ್ರಕ್ಕೆ ಎಡಕ್ಕೆ ತಿರುಗಬೇಕೋ ಬಲಕ್ಕೆ ತಿರುಗಬೇಕೋ ತಿಳಿಯದು. ಆದುದರಿಂದ ಪಂಖದೊಳಗೆ ಎರಡು ಸುರುಳಿಗಳನ್ನು ಇಟ್ಟಿರುವರು. ಎರಡನೆಯದರೊಡನೆ ಶ್ರೇಣಿಯಲ್ಲಿ ಒಂದು ಧಾರಕವನ್ನು ಜೋಡಿಸಿರುವರು. ಅಂಗಡಿಯವರು ಇದನ್ನು ‘ಕಂಡೆನ್ಸರ್’ ಎನ್ನುವರು. ಧಾರಕದ ದೆಸೆಯಿಂದ ಎರಡನೆಯ ಸುರುಳಿಯ ಪ್ರವಾಹವು ಮೊದಲನೆಯದಕ್ಕಿಂತ ಮುಂಚಿತವಾಗಿ ಏರಿಳಿಯುವುದು. ಹೀಗೆ ಎರಡೂ ಕೂಡಿ ಸುತ್ತುವ ಕಾಂತಕ್ಷೇತ್ರವನ್ನು ಉಂಟುಮಾಡುವುವು. ಅದರ ಹಿಂದೆ ಪಂಖವೂ ಸುತ್ತುವುದು. ಧಾರಕವು ಕೆಟ್ಟರೆ ನಮ್ಮ ಕೋಲಿನ ನೂಕು ಅದರ ಕೆಲಸವನ್ನು ಮಾಡಿದಂತಾಯಿತು. ಹಾಗೆಂದು ಪಂಖವನ್ನು ಗುಂಯ್‌ಗುಡುತ್ತ ಬಿಡಬಾರದು. ನಿಂತ ಪಂಖದ ಸುರುಳಿಗಳು ಬಿಸಿಯೇರುವುವು.

ಪಂಖವು ಮೊದಲಿನಂತೆ ವೇಗವಾಗಿ ತಿರುಗದಿದ್ದರೂ ಅನೇಕ ವೇಳೆ ಧಾರಕವೇ ಕಾರಣ. ಇಂದಿನ ಧಾರಕಗಳಲ್ಲಿ ಪ್ಲಾಸ್ಟಿಕ್ಕಿನ ತೆಳುಪೊರೆಯ ಮೇಲೆ ಲೋಹದ ಅತಿ ತೆಳುವಾದ ಲೇಪವಿರುತ್ತದೆ. ಪೊರೆಯಲ್ಲಿ ಎಲ್ಲಿಯಾದರೂ ರಂಧ್ರ ಬಿದ್ದರೆ ಅಲ್ಲಿಯ ಲೋಹವು ಆವಿಯಾಗಿ ಹೋಗಿ ದೋಷವು ತಾನಾಗಿಯೇ ಮುಚ್ಚಿಕೊಳ್ಳುವುದು. ಆದರೆ ಪ್ರತಿಯೊಂದು ಸಲವೂ ಲೇಪದ ವಿಸ್ತಾರವು ಸ್ವಲ್ಪ ಕುಗ್ಗುವುದರಿಂದ ವರ್ಷಗಳು ಕಳೆದಂತೆ ಧಾರಕತೆಯು ಇಳಿಯುತ್ತದೆ.

ಇನ್ನು ಅಂಗಡಿಗೆ ಹೋಗುವ ಮಾತು. ಹಳೆಯ ಧಾರಕವನ್ನು ಕೈಯಲ್ಲಿ ಹಿಡಿದು ಅದರ ಮೈಮೇಲಿನ ಬರಹವನ್ನು ಓದಬೇಕು. ಸಾಮಾನ್ಯ ಪಂಖದಲ್ಲಿ “2.5 ಮೈಕ್ರೊಫ್ಯಾರಡ್, ಶೇಕಡ 5 ಹೆಚ್ಚು ಅಥವಾ ಕಡಿಮೆ, 440 ವೋಲ್ಟ್ ಎ.ಸಿ.” ಎಂಬ ಅರ್ಥದ ಸಂಕೇತಗಳಿರುತ್ತವೆ. ಮೊದಲ ಸಂಖ್ಯೆ ಧಾರಕತೆ. ಹೊಸದರಲ್ಲಿಯೂ ಅದೇ ಇರಬೇಕು. ವೋಲ್ಟಿನ ಸಂಖ್ಯೆ ಅಷ್ಟೇ ಇರಬೇಕು ಇಲ್ಲವೆ ಹೆಚ್ಚಿರಬಹುದು, ಕಡಿಮೆ ಮಾತ್ರ ಆಗಕೂಡದು. 230 ವೋಲ್ಟಿನ ಮನೆಯಲ್ಲಿ 440 ಏಕೆ ಎಂದು ವಾಚಕರು ಕೇಳಬಹುದು. ಪರ್ಯಾಯ ವೋಲ್ಟೇಜಿನಲ್ಲಿ 230 ಎಂಬುದು ವರ್ಗಮಧ್ಯಮೂಲದ ಬೆಲೆ. ಅದರ ಶಿಖರ ಸುಮಾರು 325. ಇದಲ್ಲದೆ ಸುರುಳಿಯೂ ಧಾರಕವೂ ಶ್ರೇಣಿಯಲ್ಲಿರುವಾಗ ಅವೆರಡರ ವೋಲ್ಟೇಜುಗಳು ಬಹುಮಟ್ಟಿಗೆ ಒಂದಕ್ಕೊಂದು ವಿರುದ್ಧವಾಗಿರುವುದರಿಂದ, ಧಾರಕದ ಪಾಲಿಗೆ ಮನೆಯ ವೋಲ್ಟೇಜಿಗಿಂತಲೂ ಹೆಚ್ಚು ಬರಬಹುದು.

ಧಾರಕತೆಯ ವಿಷಯದಲ್ಲಿ ನಾವೇ ಮಾಡಿದ ಒಂದು ತಪ್ಪನ್ನು ಹೇಳಿಬಿಡುವುದು ಒಳ್ಳೆಯದು. ಒಮ್ಮೆ ಹತ್ತಿರದ ಅಂಗಡಿಯಲ್ಲಿ 2.5 ಸಿಕ್ಕಲಿಲ್ಲ. “ಹೆಚ್ಚಿದ್ದರೆ ಒಳ್ಳೆಯದೇ” ಎಂದುಕೊಂಡು 4 ಮೈಕ್ರೊಫ್ಯಾರಡಿನದನ್ನು ತಂದು ಹಾಕಿಸಿದೆವು. ಪಂಖವು ಮೊದಲಿಗಿಂತ ಚುರುಕಾಗಿಯೇ ತಿರುಗಿತು, ನಾವೂ ಹಿಗ್ಗಿದೆವು. ಕೆಲವು ದಿನಗಳಲ್ಲಿ ಸುಟ್ಟ ವಾಸನೆ ಬಂದಿತು, ಪಂಖ ನಿಂತಿತು. ಆಮೇಲೆ ಕಾಗದದ ಮೇಲೆ ಲೆಕ್ಕಹಾಕಿ ನೋಡಿದೆವು. 50 ಆವರ್ತಗಳಲ್ಲಿ 2.5 ಮೈಕ್ರೊಫ್ಯಾರಡ್ ಒಡ್ಡುವ ತಡೆ ಸುಮಾರು 1273 ಓಮ್. 4 ಮೈಕ್ರೊಫ್ಯಾರಡಿನದು ಸುಮಾರು 796 ಮಾತ್ರ. ತಡೆ ಕುಗ್ಗಿದ್ದರಿಂದ ಎರಡನೆಯ ಸುರುಳಿಯಲ್ಲಿ ಅದಕ್ಕೆ ತಕ್ಕುದಲ್ಲದ ಪ್ರವಾಹ ಹರಿದು ತಂತಿಯ ಹೊದಿಕೆ ಸುಟ್ಟಿತ್ತು. ಅಲ್ಪ ಬೆಲೆಯ ಬಿಡಿಭಾಗದಲ್ಲಿ ಎಡವಿ, ಸುರುಳಿಯನ್ನೇ ಹೊಸದಾಗಿ ಸುತ್ತಿಸಬೇಕಾಯಿತು. ತರಗತಿಯಲ್ಲಿ ಈ ಸೂತ್ರವನ್ನು ಎಷ್ಟು ಸಲ ಬರೆದಿದ್ದೆವೋ!

ಎಲ್ಲ ದೋಷಕ್ಕೂ ಧಾರಕವೇ ಹೊಣೆಯಲ್ಲ. ವಿದ್ಯುತ್ತನ್ನು ನಿಲ್ಲಿಸಿ ಪಂಖವನ್ನು ಕೈಯಿಂದ ತಿರುಗಿಸಿದಾಗ ಗರಗರ ಸದ್ದು ಬಂದರೆ, ಅಥವಾ ಅದು ಬಿಗಿಯಾಗಿದ್ದರೆ, ಸವೆದಿರುವುದು ಬೇರಿಂಗು. ಅದರ ಉಂಗುರದ ಮೇಲೆಯೂ ಸಂಖ್ಯೆ ಇರುತ್ತದೆ. ಪಂಖಗಳಲ್ಲಿ 6201, 6202 ಎಂಬ ಸಂಖ್ಯೆಗಳು ಹೆಚ್ಚಾಗಿ ಕಾಣುವುವು. ಕೊನೆಯ ಎರಡು ಅಂಕಿಗಳು ಒಳರಂಧ್ರದ ಅಳತೆಯ ಗುರುತು: 01 ಎಂದರೆ 12 ಮಿಲಿಮೀಟರು, 02 ಎಂದರೆ 15. ಒಳರಂಧ್ರ 15, ಹೊರವ್ಯಾಸ 35, ದಪ್ಪ 11 ಮಿಲಿಮೀಟರು—ಯಾವ ದೇಶದಲ್ಲಿ ತಯಾರಾದ 6202 ಆದರೂ ಇಷ್ಟೇ.

ಈ ಏಕರೂಪತೆಯು ತಾನಾಗಿ ಬಂದುದಲ್ಲ. ಇಂಗ್ಲೆಂಡಿನಲ್ಲಿ ಒಂದು ಕಾರ್ಖಾನೆಯ ತಿರುಪು ಇನ್ನೊಂದರ ನಟ್ಟಿಗೆ ಹೊಂದದಿದ್ದ ಕಾಲವೊಂದಿತ್ತು. 1841ರಲ್ಲಿ ಜೋಸೆಫ್ ವಿಟ್ವರ್ತ್ ಎಂಬ ಎಂಜಿನಿಯರನು ತಿರುಪಿನ ಎಳೆಗಳಿಗೆಲ್ಲ ಒಂದೇ ಕೋನ, ಒಂದೇ ಕ್ರಮ ಇರಬೇಕೆಂದು ಸೂಚಿಸಿದನು. ಬಿಡಿಭಾಗವನ್ನು ಕೊಳ್ಳುವವನು ತಯಾರಕನ ಹೆಸರಿಗಿಂತ ಮೊದಲು ಸಂಖ್ಯೆಯನ್ನು ನೋಡಬೇಕೆಂಬುದು ಇಂತಹ ಪ್ರಯತ್ನಗಳ ಫಲ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ “ಪಂಖದ ಕಂಡೆನ್ಸರ್ ಕೊಡಿ” ಎನ್ನುವುದಕ್ಕಿಂತ ಹಳೆಯ ಭಾಗವನ್ನೇ ಮುಂದಿಟ್ಟು ಸಂಖ್ಯೆಯನ್ನು ಹೇಳುವುದು ಲೇಸು.

ಒಂದು ಎಚ್ಚರಿಕೆಯನ್ನು ಮರೆಯಬಾರದು. ಗೋಡೆಯ ಗುಂಡಿಯನ್ನು ಆರಿಸಿದರೆ ಸಾಲದು. ತಂತಿಗಳನ್ನು ತಪ್ಪಾಗಿ ಜೋಡಿಸಿದ್ದರೆ ಗುಂಡಿ ಆರಿದ್ದರೂ ಪಂಖದವರೆಗೆ ವಿದ್ಯುತ್ತು ಇರಬಹುದು. ಮುಖ್ಯ ಸ್ವಿಚ್ಚನ್ನೇ ತೆಗೆಯಬೇಕು. ಧಾರಕದ ಆವೇಶವು ಸಾಮಾನ್ಯವಾಗಿ ಸುರುಳಿಗಳ ಮೂಲಕ ಹರಿದುಹೋಗುವುದಾದರೂ, ಒಳಗೆ ತಂತಿ ತುಂಡಾಗಿದ್ದರೆ ಉಳಿದಿರಬಹುದು. ಆ ಶಕ್ತಿ ಒಂದು ಜೂಲಿನ ಅಲ್ಪಭಾಗವೇ ಸರಿ. ಆದರೆ ಏಣಿಯ ಮೇಲೆ ನಿಂತವನು ಬೆಚ್ಚಿ ಬೀಳಲು ಅದು ಸಾಕು. ವಿದ್ಯಾರ್ಥಿಗಳು ದೋಷವನ್ನು ಗುರುತಿಸಲಿ, ಸಂಖ್ಯೆಯನ್ನು ಬರೆದುಕೊಳ್ಳಲಿ, ಬಿಡಿಭಾಗವನ್ನು ತರಲಿ; ಜೋಡಿಸುವಾಗ ಕೆಲಸ ಬಲ್ಲ ಹಿರಿಯರು ಜೊತೆಯಲ್ಲಿರಲಿ.

ಈಚಿನ ಕೆಲವು ಪಂಖಗಳಲ್ಲಿ ಶಾಶ್ವತ ಕಾಂತಗಳೂ ಎಲೆಕ್ಟ್ರಾನಿಕ್ ಫಲಕವೂ ಇರುತ್ತವೆ. ಇವುಗಳಿಗೆ ವಿದ್ಯುತ್ತು ಕಡಿಮೆ ಸಾಕು; ಆದರೆ ಫಲಕವು ಕೆಟ್ಟರೆ ಬೇರೆಯವರ ಫಲಕ ಹೊಂದುವುದೆಂಬ ಭರವಸೆಯಿಲ್ಲ. ಆ ಮಾದರಿಯ ಸಂಖ್ಯೆಯನ್ನು ಹಿಡಿದು ತಯಾರಕರನ್ನೇ ಕೇಳಬೇಕಾಗುವುದು. ಬಳಕೆದಾರನಿಗೆ ದುರಸ್ತಿಯ ಹಕ್ಕು ಬೇಕೆಂಬ ಮಾತು ಎದ್ದಿರುವುದು ಇಂತಹ ಕಾರಣಗಳಿಂದಲೇ. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ಈ ಬಗ್ಗೆ ಒಂದು ಸಮಿತಿಯನ್ನು ನೇಮಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ದುರಸ್ತಿಯ ಮಾಹಿತಿಗಾಗಿ ಒಂದು ಜಾಲತಾಣವೂ ಆರಂಭವಾಯಿತು.

ಹಕ್ಕು ದೊರೆತರೂ ಅದನ್ನು ಬಳಸಲು ತಿಳಿವಳಿಕೆ ಬೇಕು. ಮುಂದೆ ಮನೆಯ ಯಾವ ಉಪಕರಣ ನಿಂತರೂ ಅದನ್ನು ಎಸೆಯುವ ಮುನ್ನ ಕೆಟ್ಟ ಭಾಗದ ಮೇಲಿನ ಪುಟ್ಟ ಬರಹವನ್ನು ಒಮ್ಮೆ ಓದಿ ನೋಡೋಣ. ನಾವು ಪಠ್ಯಪುಸ್ತಕದಲ್ಲಿ ಓದಿದ ಭೌತಶಾಸ್ತ್ರವೇ ಅಲ್ಲಿಯೂ ಇರುವುದು.