ಲೈಸೆನ್ಸಿನಲ್ಲಿರೋ ‘12 ಬೋರ್’ ಅಂದ್ರೆ ಏನು? ಅಪ್ಪನ ಕೋವಿ ಯಾರ ಹೆಸರಿಗೆ?

ಚುನಾವಣೆ ಘೋಷಣೆ ಆಯ್ತು ಅಂದ್ರೆ ಮಲೆನಾಡಿನ ಪೊಲೀಸ್ ಠಾಣೆಗಳಿಗೆ ಕೋವಿಗಳು ಬರೋಕೆ ಶುರು. ಠೇವಣಿ ಇಡಲು ತಂದ ಲೈಸೆನ್ಸ್ ಪುಸ್ತಕ ತೆರೆದರೆ ಎಸ್‌ಬಿಎಂಎಲ್, ಡಿಬಿಬಿಎಲ್, 12 ಬೋರ್, .315 ಅಂತ ಬರೆದಿರ್ತದೆ. ವರ್ಷಗಟ್ಟಲೆ ಕೋವಿ ಇಟ್ಟುಕೊಂಡವರಲ್ಲೂ ಎಷ್ಟೋ ಜನಕ್ಕೆ ಇದರ ಅರ್ಥ ಗೊತ್ತಿಲ್ಲ.

ಎಸ್‌ಬಿ ಅಂದ್ರೆ ಒಂಟಿ ನಳಿಗೆ, ಡಿಬಿ ಅಂದ್ರೆ ಜೋಡು ನಳಿಗೆ. ಕೊನೆಯಲ್ಲಿ ಎಂಎಲ್ ಇದ್ದರೆ ಮದ್ದು, ಚರೆಯನ್ನು ನಳಿಗೆಯ ಬಾಯಿಂದಲೇ ತುಂಬುವ ಕೇಪಿನ ಕೋವಿ. ಬಿಎಲ್ ಇದ್ದರೆ ಹಿಂದಿನಿಂದ ತೋಟೆ ಹಾಕುವ ಕೋವಿ.

ಇನ್ನು 12 ಬೋರ್. ಇದು ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ನಳಿಗೆಯೊಳಗೆ ಸರಿಯಾಗಿ ಕೂರುವ ಸೀಸದ ಗುಂಡು 12 ಸೇರಿದರೆ ಒಂದು ಪೌಂಡ್ ತೂಗುತ್ತೆ ಅನ್ನೋದು ಹಳೇ ಇಂಗ್ಲಿಷರ ಲೆಕ್ಕ. ಹಾಗಾಗಿ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. 12 ಬೋರಿನ ಒಳಅಳತೆ ಸುಮಾರು 18.5 ಮಿ.ಮೀ., 20 ಬೋರಿನದು ಸುಮಾರು 15.6 ಮಿ.ಮೀ.

ಇಲ್ಲೇ ಅಪಾಯ ಇರೋದು. 20 ಬೋರಿನ ತೋಟೆಯನ್ನು ತಪ್ಪಿ 12 ಬೋರಿಗೆ ಹಾಕಿದರೆ ಅದು ಒಳಗೆ ಜಾರಿ ನಳಿಗೆಯ ಮಧ್ಯೆ ಸಿಕ್ಕಿಕೊಳ್ತದೆ. ಹಿಂದಿನಿಂದ ನೋಡಿದರೆ ನಳಿಗೆ ಖಾಲಿ ಇದ್ದಂತೆ ಕಾಣ್ತದೆ. ಅದರ ಹಿಂದೆ 12ರ ತೋಟೆ ಹಾಕಿ ಹೊಡೆದರೆ ನಳಿಗೆಯೇ ಸಿಡಿಯಬಹುದು, ಕೈ ಹೋಗಬಹುದು. ಗುರುತು ಸಿಗಲಿ ಅಂತಲೇ 20 ಬೋರಿನ ತೋಟೆಗಳನ್ನು ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿ ಮಾಡ್ತಾರೆ.

ರೈಫಲ್ ಬೇರೆ ಜಾತಿ. ಅದರ ನಳಿಗೆಯೊಳಗೆ ಸುರುಳಿಯಾಗಿ ಗೀರು ಕೊರೆದಿರ್ತಾರೆ, ಗುಂಡು ತಿರುಗುತ್ತಾ ನೇರ ಹೋಗಲಿ ಅಂತ. ಇದರ ಅಳತೆ ಇಂಚಿನಲ್ಲಿ: .315 ಅಂದ್ರೆ 8 ಮಿ.ಮೀ., .22 ಅಂದ್ರೆ 5.6 ಮಿ.ಮೀ. ಚರೆ ಕೋವಿಯ ಪೆಟ್ಟು ನಾಟೋದು ಹೆಚ್ಚೆಂದರೆ 40 ಮೀಟರ್ ಆಸುಪಾಸು. ರೈಫಲ್ ಗುಂಡು ಹಾಗಲ್ಲ, ಗುರಿ ತಪ್ಪಿದರೆ ಒಂದು ಕಿಲೋಮೀಟರಿಗೂ ಆಚೆ ಹೋಗ್ತದೆ. ತೋಟದಾಚೆ ಯಾರ ಮನೆ ಇದೆಯೋ! .303, 9 ಮಿ.ಮೀ. ಇಂಥವು ನಿಷೇಧಿತ ಬೋರ್, ಸಾಮಾನ್ಯ ಜನಕ್ಕೆ ಲೈಸೆನ್ಸ್ ಕೊಡಲ್ಲ. ಬ್ರಿಟಿಷರ ಕಾಲದಲ್ಲೂ ಸೇನೆಯ ಗುಂಡು ಜನರ ಕೈಗೆ ಸಿಗಬಾರದು ಅಂತ ನಿರ್ಬಂಧ ಇತ್ತು. .315 ಇಲ್ಲಿ ಚಾಲ್ತಿಗೆ ಬಂದಿದ್ದೇ ಹಾಗೆ.

ಏರ್ ಗನ್‌ಗೆ ಲೈಸೆನ್ಸ್ ಬೇಕಾ? ಅಂಗಡಿಯವರೂ ಇದನ್ನೇ ಕೇಳ್ತಾರೆ. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ .177 ಬೋರ್ ಮತ್ತು 20 ಜೂಲ್ ಶಕ್ತಿಯ ಮಿತಿ ಮೀರಿದರೆ ಬೇಕು.

ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಸಿಕ್ಕಿದೆ ಅಂದ ಮಾತ್ರಕ್ಕೆ ಕಾಡುಪ್ರಾಣಿ ಹೊಡೆಯಬಹುದು ಅಂತಲ್ಲ, ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ. ಮದುವೆ ಮನೆಯಲ್ಲಿ ಖುಷಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಹೆಚ್ಚು ಜನ ಸಿಕ್ಕಿಬೀಳೋದು ಮಾತ್ರ ಬೇರೆ ಕಡೆ. ಅಪ್ಪ ತೀರಿಕೊಂಡಿರ್ತಾರೆ, ಕೋವಿ ಅಟ್ಟದ ಮೇಲೇ ಇರ್ತದೆ. ‘ಲೈಸೆನ್ಸ್ ಇದೆಯಲ್ಲ’ ಅಂತ ಮನೆಯವರು ಸುಮ್ಮನಿರ್ತಾರೆ. ಆ ಲೈಸೆನ್ಸ್ ಅಪ್ಪನದು, ಮನೆಯದ್ದಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ವಾರಸುದಾರರು ತಡಮಾಡದೆ ಅದನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಇಡಬೇಕು. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ 2ರಿಂದ 5 ವರ್ಷ ಜೈಲು. ಕೋವಿ ಇಲ್ಲದೆ ಬರೀ ತೋಟೆ ಸಿಕ್ಕರೂ ಅದೇ ಕಲಂ, ಹಾಗಾಗಿ ಅಪ್ಪನ ಪೆಟ್ಟಿಗೆಯ ಮೂಲೆಯನ್ನೂ ಒಮ್ಮೆ ನೋಡಿ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2029ರ ಅಕ್ಟೋಬರ್ ತನಕ. ಉಳಿದವರು ಕೋವಿ ಠೇವಣಿ ಇಟ್ಟ ರಸೀದಿ, ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಹಿಡಿದು ಜಿಲ್ಲಾಧಿಕಾರಿ ಕಚೇರಿಯಲ್ಲಿ ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಅಪ್ಪ ಬದುಕಿದ್ದಾಗಲೇ ಮಾಡಿಸಬಹುದು: ಅವರಿಗೆ 70 ವರ್ಷ ತುಂಬಿರಬೇಕು, ಇಲ್ಲವೇ ಕೋವಿ ಅವರ ಬಳಿ 25 ವರ್ಷ ಇದ್ದಿರಬೇಕು.